ಕೊಲ್ಲಲು ಕಾರಣವಿದೆ, ಅಟ್ಟಲು ಏನು ಕಾರಣ? ವಯೋಮಿಂಗ್‌ನ ಒಂದು ಪ್ರಕರಣದ ಅಧ್ಯಯನ

ಘಟನೆ

2024ರ ಫೆಬ್ರವರಿ 29ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಸಬ್ಲೆಟ್ ಕೌಂಟಿಯಲ್ಲಿ ಒಬ್ಬಾತ ಎಳೆಯ ತೋಳವೊಂದನ್ನು ಸ್ನೋಮೊಬೈಲ್ ಎಂಬ, ಹಿಮದ ಮೇಲೆ ಓಡುವ ವಾಹನದಲ್ಲಿ ಅಟ್ಟಿಸಿಕೊಂಡು ಹೋಗಿ, ವಾಹನದಿಂದಲೇ ಗುದ್ದಿ ಕೆಡವಿದನೆಂದು ವರದಿಯಾಯಿತು. ತೋಳ ಸಾಯಲಿಲ್ಲ. ಅದರ ಬಾಯಿ ಕಟ್ಟಿ, ಡೇನಿಯಲ್ ಎಂಬ ಪುಟ್ಟ ಊರಿನ ಬಾರ್ ಒಂದಕ್ಕೆ ತಂದು, ಕುಡಿಯಲು ಬಂದಿದ್ದ ಜನರ ನಡುವೆ ಅದನ್ನು ಇರಿಸಿಕೊಂಡು, ಪಕ್ಕದಲ್ಲಿ ಕುಳಿತು ಫೋಟೊ ತೆಗೆಸಿಕೊಂಡು, ಆಮೇಲೆ ಕೊಲ್ಲಲಾಯಿತು. ಹೊರಬಿದ್ದ ವಿಡಿಯೊ ತುಣುಕಿನಲ್ಲಿ ತೋಳ ಏಳುವ ಯತ್ನವನ್ನೂ ಮಾಡದೆ ನೆಲದ ಮೇಲೆ ಬಿದ್ದುಕೊಂಡಿರುವುದು ಕಾಣುತ್ತದೆ. ಸುತ್ತಲಿನ ಗದ್ದಲ ತನ್ನ ಪಾಡಿಗೆ ನಡೆದಿರುತ್ತದೆ. ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆ ಆತನಿಗೆ ವಿಧಿಸಿದ ದಂಡ 250 ಡಾಲರ್. ಆ ದಂಡವೂ ಜೀವಂತ ವನ್ಯಪ್ರಾಣಿಯನ್ನು ಅನುಮತಿಯಿಲ್ಲದೆ ವಶದಲ್ಲಿಟ್ಟುಕೊಂಡದ್ದಕ್ಕೆ ಮಾತ್ರ. ಅಟ್ಟಿಸಿಕೊಂಡು ಹೋದದ್ದಕ್ಕಾಗಲಿ, ವಾಹನದಿಂದ ಗುದ್ದಿದ್ದಕ್ಕಾಗಲಿ, ಗಾಯಗೊಂಡ ಪ್ರಾಣಿಯನ್ನು ಕೂಡಲೇ ಕೊಂದು ಅದರ ನೋವನ್ನು ಮುಗಿಸದೆ ಇದ್ದುದಕ್ಕಾಗಲಿ ಆಗ ಇಲಾಖೆ ಯಾವ ಕಲಮನ್ನೂ ಹಾಕಲಿಲ್ಲ.

ಈ ಸುದ್ದಿ ಕೆಲವೇ ವಾರಗಳಲ್ಲಿ ಅಮೆರಿಕದಾಚೆಗೂ ಹಬ್ಬಿತು. ವಯೋಮಿಂಗ್‌ಗೆ ಪ್ರವಾಸ ಹೋಗಬಾರದೆಂಬ ಬಹಿಷ್ಕಾರದ ಕರೆಗಳು ಬಂದವು, ರಾಜ್ಯಪಾಲರು ಖಂಡಿಸಿದರು, ಬೇಟೆಗಾರರೇ ಅನೇಕರು ಇದು ತಮ್ಮ ಮರ್ಯಾದೆ ಕಳೆಯುವ ಕೆಲಸವೆಂದರು. ಆದರೆ ಖಂಡನೆಯ ಬಹುಪಾಲು ಬಾರಿನೊಳಗಿನ ದೃಶ್ಯದ ಮೇಲೆಯೇ ನಿಂತಿತು. ಬಾರಿಗೆ ತರುವ ಮುಂಚೆ ಹಿಮದ ಮೇಲೆ ನಡೆದದ್ದು ಅಲ್ಲಿ ವಿರಳ ಘಟನೆಯಲ್ಲ. ಚಳಿಗಾಲದಲ್ಲಿ ಕಯೋಟಿ ಎಂಬ, ತೋಳದ ಕುಲದ ಚಿಕ್ಕ ಪ್ರಾಣಿಗಳನ್ನು ಸ್ನೋಮೊಬೈಲಿನಿಂದ ಅಟ್ಟಿ, ಸುಸ್ತುಮಾಡಿ, ಮೇಲೆ ಹತ್ತಿಸಿ ಕೊಲ್ಲುವುದು ಆ ಸೀಮೆಯಲ್ಲಿ ಬಹಳ ಕಾಲದಿಂದ ಇರುವ ಅಭ್ಯಾಸ. ಬಯಲು ರಾಜ್ಯಗಳಲ್ಲಿ ಇದೇ ಕೆಲಸವನ್ನು ಪಿಕಪ್ ಟ್ರಕ್ಕು ಮತ್ತು ಓಟದ ನಾಯಿಗಳು ಮಾಡುತ್ತವೆ. ಈ ಅಧ್ಯಯನದ ವಿಷಯ ಆ ಅಟ್ಟುವಿಕೆ. ಬಾರಿನ ಘಟನೆಯನ್ನು ಎತ್ತಿಕೊಳ್ಳಲು ಕಾರಣವೇನೆಂದರೆ, ಕಯೋಟಿಗೆ ದಿನನಿತ್ಯ ಅನ್ವಯಿಸುವ ಕಾನೂನು ಅಂದು ಒಂದು ತೋಳಕ್ಕೆ ಅನ್ವಯಿಸಿತು ಮತ್ತು ಆ ಕಾನೂನಿನ ಆಕಾರ ಎಂಥದ್ದೆಂಬುದು ಜಗತ್ತಿಗೆ ಕಂಡಿತು.

ಕಾನೂನಿನೊಳಗಿನ ವಿನಾಯಿತಿ

ಕಯೋಟಿ ನಮ್ಮ ಗುಳ್ಳೆನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಬಹಳ ಚಿಕ್ಕದು. ಪಶ್ಚಿಮದ ರಾಜ್ಯಗಳಲ್ಲಿ ಸಾಮಾನ್ಯವಾಗಿ 9ರಿಂದ 16 ಕಿಲೊ ತೂಗುತ್ತದೆ. ವಯೋಮಿಂಗ್‌ನ ಶಾಸನದಲ್ಲಿ ಅದು ‘ಪರಭಕ್ಷಕ ಪ್ರಾಣಿ’ಗಳ ಪಟ್ಟಿಯಲ್ಲಿದೆ. ಆ ಪಟ್ಟಿಯ ಇತರ ಸದಸ್ಯರನ್ನು ನೋಡಿದರೆ ಜೀವಶಾಸ್ತ್ರಕ್ಕೂ ಪಟ್ಟಿಗೂ ಸಂಬಂಧ ಕಡಿಮೆಯೆಂದು ತಿಳಿಯುತ್ತದೆ: ಕೆಂಪು ನರಿ, ರಕೂನ್, ಸ್ಕಂಕ್, ಮುಳ್ಳುಹಂದಿ, ಬೀದಿ ಬೆಕ್ಕು, ಹುಲ್ಲು ಸೊಪ್ಪು ತಿಂದು ಬದುಕುವ ಜಾಕ್‌ರ‍್ಯಾಬಿಟ್ ಮೊಲ. ಪಟ್ಟಿಗೆ ಸೇರಿದ ಪ್ರಾಣಿಯನ್ನು ವರ್ಷದ ಯಾವ ದಿನವಾದರೂ, ಎಷ್ಟಾದರೂ ಕೊಲ್ಲಬಹುದು. ತೋಳದ ವಿಷಯದಲ್ಲಿ ರಾಜ್ಯವನ್ನು ಎರಡಾಗಿ ಹಂಚಲಾಗಿದೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ವಾಯವ್ಯ ಭಾಗದಲ್ಲಿ ಅದು ಋತು ಮತ್ತು ಮಿತಿಯುಳ್ಳ ಬೇಟೆಪ್ರಾಣಿ. ಉಳಿದ ಸುಮಾರು ಶೇಕಡಾ 85ರಷ್ಟು ನೆಲದಲ್ಲಿ ಅದೂ ಕಯೋಟಿಯ ಸಾಲಿನ ಪ್ರಾಣಿ. ಡೇನಿಯಲ್ ಇರುವುದು ಈ ಎರಡನೆಯ ಭಾಗದಲ್ಲಿ.

ವಾಹನದ ಬಗ್ಗೆ ವಯೋಮಿಂಗ್‌ನಲ್ಲಿ ಕಾನೂನೇ ಇಲ್ಲವೆಂದು ಹಲವರು ಬರೆದರು. ಅದು ಸರಿಯಲ್ಲ, ಮತ್ತು ಸತ್ಯ ಅದಕ್ಕಿಂತ ಹೆಚ್ಚು ಕುತೂಹಲದ್ದು. ವಿಮಾನ, ಮೋಟಾರು ವಾಹನ, ಹಿಮದ ಮೇಲೆ ಓಡುವ ವಾಹನ ಇವುಗಳಿಂದ ವನ್ಯಪ್ರಾಣಿಯನ್ನು ಪೀಡಿಸಬಾರದು, ಅಟ್ಟಬಾರದು, ಬೇಟೆಯಾಡಬಾರದು, ಕೊಲ್ಲಬಾರದು ಎಂದು ಶಾಸನ ಸ್ಪಷ್ಟವಾಗಿಯೇ ಹೇಳುತ್ತದೆ. ವಾಕ್ಯದ ನಡುವೆ ಒಂದು ವಿನಾಯಿತಿ ಇದೆ: ಪರಭಕ್ಷಕ ಪ್ರಾಣಿಗಳನ್ನು ಹೊರತುಪಡಿಸಿ ಉಳಿದ ವನ್ಯಪ್ರಾಣಿಗಳನ್ನು. ಅಂದರೆ ಎಲ್ಕ್ ಅಥವಾ ಜಿಂಕೆಯನ್ನು ಸ್ನೋಮೊಬೈಲಿನಿಂದ ಅಟ್ಟುವುದು ತಪ್ಪೆಂಬ ತಿಳಿವಳಿಕೆ ಶಾಸಕರಿಗೆ ಇತ್ತು. ಆ ತಪ್ಪು ಯಾವುದರಲ್ಲಿದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಕೆಲವು ಪ್ರಾಣಿಗಳನ್ನು ಹೆಸರಿಸಿ ಹೊರಗಿಟ್ಟರು. ಪ್ರಾಣಿಹಿಂಸೆಯ ಕಾನೂನಿನಲ್ಲೂ ಅದೇ ಬಗೆಯ ಬಾಗಿಲಿದೆ. ಬೇರೆ ಕಾನೂನು ನಿಷೇಧಿಸದ ಯಾವುದೇ ರೀತಿಯಲ್ಲಿ ಪರಭಕ್ಷಕ ಪ್ರಾಣಿಯನ್ನು ಬೇಟೆಯಾಡುವುದು, ಹಿಡಿಯುವುದು, ಕೊಲ್ಲುವುದು, ನಾಶಮಾಡುವುದು ಹಿಂಸೆಯೆಂದು ಪರಿಗಣನೆಯಾಗುವುದಿಲ್ಲ. ಎರಡು ಕಲಮುಗಳನ್ನು ಒಟ್ಟಿಗೆ ಓದಿದರೆ ವೃತ್ತ ಪೂರ್ಣವಾಗುತ್ತದೆ: ವಾಹನದ ಕಾನೂನು ಕಯೋಟಿಯನ್ನು ಹೊರಗಿಡುತ್ತದೆ, ಹಿಂಸೆಯ ಕಾನೂನು ‘ನಿಷೇಧಿಸದ ರೀತಿ’ ಎಂದು ವಾಹನದ ಕಾನೂನಿನತ್ತ ಬೆರಳು ತೋರಿಸುತ್ತದೆ.

ಹೀಗೆ ಪಟ್ಟಿಯಿಂದ ಪಟ್ಟಿಗೆ ಸರಿಸಿ ರಕ್ಷಣೆ ತೆಗೆಯುವ ವಿಧಾನ ನಮಗೆ ಹೊಸದಲ್ಲ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೇ ಅಟ್ಟಿಸಿಕೊಂಡು ಹೋಗುವುದು, ಸೋವುವುದು, ಬಲೆಯೊಡ್ಡುವುದು ಮತ್ತು ಅವುಗಳ ಯತ್ನ ಎಲ್ಲವೂ ಸೇರಿವೆ. ಆದರೆ ಒಂದು ಪ್ರಾಣಿಯನ್ನು ಉಪದ್ರವಿಯೆಂದು ಘೋಷಿಸಿದೊಡನೆ ಆ ಪ್ರದೇಶದಲ್ಲಿ, ಆ ಅವಧಿಗೆ, ಅದರ ರಕ್ಷಣೆ ಬಿದ್ದುಹೋಗುತ್ತದೆ. 2016ರಲ್ಲಿ ಬಿಹಾರದ ಮೊಕಾಮಾದಲ್ಲಿ ನೀಲಗಾಯ್‌ಗಳನ್ನು ಸಾಲಾಗಿ ಹೊಡೆದಾಗ ಕೇಂದ್ರದ ಇಬ್ಬರು ಮಂತ್ರಿಗಳೇ ಬಹಿರಂಗವಾಗಿ ಜಗಳವಾಡಿಕೊಂಡರು. ಅಲ್ಲಿಯೂ ಚರ್ಚೆಯೆಲ್ಲ ಕೊಲ್ಲಬಹುದೇ ಬೇಡವೇ ಎಂಬುದರ ಮೇಲೆ ನಡೆಯಿತು. ಕೊಲ್ಲುವುದಾದರೆ ಹೇಗೆ ಎಂಬುದಕ್ಕೆ ಯಾರೂ ಹೆಚ್ಚು ಹೊತ್ತು ಕೊಡಲಿಲ್ಲ.

ಅಟ್ಟುವ ಬಗೆ

ಆಳವಾದ ಹಿಮದಲ್ಲಿ ಕಯೋಟಿ ಓಡಲಾರದು. ಹೆಜ್ಜೆಹೆಜ್ಜೆಗೂ ಎದೆಯವರೆಗೆ ಹೂತು ನೆಗೆನೆಗೆದು ಸಾಗುತ್ತದೆ. ಪರ್ವತದ ಹಿಮಕ್ಕೆಂದೇ ತಯಾರಾದ ಇಂದಿನ ಸ್ನೋಮೊಬೈಲುಗಳು 150 ಅಶ್ವಶಕ್ತಿಯನ್ನೂ ಮೀರುತ್ತವೆ, ತೂಕ 200 ಕಿಲೊ ದಾಟುತ್ತದೆ, ಮತ್ತು ಅಗಲವಾದ ಪಟ್ಟೆಯ ಮೇಲೆ ನಿಂತು ಹಿಮದ ಮೇಲ್ಮೈಯಲ್ಲೇ ತೇಲಿದಂತೆ ಹೋಗುತ್ತವೆ. ಸವಾರನಿಗೆ ಗುರಿಯ ಕೌಶಲ ಬೇಕಿಲ್ಲ, ಹೆಜ್ಜೆ ಗುರುತು ಓದುವ ತಿಳಿವು ಬೇಕಿಲ್ಲ, ಗಾಳಿಯ ದಿಕ್ಕನ್ನು ನೋಡಬೇಕಿಲ್ಲ. ಪ್ರಾಣಿ ಕಾಣಿಸಿದ ಕ್ಷಣದಿಂದ ಅದು ಸುಸ್ತಾಗುವವರೆಗೆ ಹಿಂದೆ ಇದ್ದರೆ ಸಾಕು. ಹಾಗೆ ಓಡಿದ ಪ್ರಾಣಿಯೊಳಗೆ ಏನಾಗುತ್ತದೆಂದು ವನ್ಯಪ್ರಾಣಿಗಳನ್ನು ಹಿಡಿಯುವ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಮಿತಿಮೀರಿದ ಓಟ ಮತ್ತು ಭಯ ಸೇರಿದಾಗ ಸ್ನಾಯುಗಳೇ ಒಡೆಯತೊಡಗುತ್ತವೆ, ರಕ್ತ ಆಮ್ಲೀಯವಾಗುತ್ತದೆ, ಒಡೆದ ಸ್ನಾಯುವಿನ ವರ್ಣಪದಾರ್ಥ ಮೂತ್ರಪಿಂಡವನ್ನು ಕಟ್ಟುತ್ತದೆ. ತಪ್ಪಿಸಿಕೊಂಡ ಪ್ರಾಣಿ ಕೂಡ ಗಂಟೆಗಳೋ ದಿನಗಳೋ ಕಳೆದು ಸಾಯಬಹುದು. ನಮ್ಮಲ್ಲಿ ಚುಕ್ಕೆ ಜಿಂಕೆಗಳನ್ನು ಸ್ಥಳಾಂತರಿಸುವಾಗ ಅವುಗಳನ್ನು ಓಡಿಸಿ ಹಿಡಿಯದೆ, ತಾವಾಗಿ ಒಳಗೆ ಬರುವಂತೆ ಬೇಲಿಯ ಆಲಿಕೆ ಕಟ್ಟಿ ಕಾಯುವುದು ಇದೇ ಕಾರಣಕ್ಕೆ. ಆದ್ದರಿಂದ ‘ಕೊನೆಗೆ ಗುಂಡು ಹೊಡೆದೆವಲ್ಲ, ತಕ್ಷಣ ಸತ್ತಿತಲ್ಲ’ ಎಂಬ ಮಾತು ಲೆಕ್ಕವನ್ನು ತಪ್ಪು ಜಾಗದಿಂದ ಶುರುಮಾಡುತ್ತದೆ.

ನಾಯಿಗಳ ಬೇಟೆ ಹಳೆಯದು, ಅದರ ಹಿಂದೆ ದೊಡ್ಡ ಪರಂಪರೆಯೂ ಇದೆ. 1905ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಒಕ್ಲಹೋಮಾದ ಫ್ರೆಡರಿಕ್ ಬಳಿಯ ಬಯಲಿಗೆ ಬಂದು, ಗ್ರೇಹೌಂಡ್ ನಾಯಿಗಳ ಹಿಂದೆ ಕುದುರೆಯೋಡಿಸಿ ಕಯೋಟಿ ಬೇಟೆಯಾಡಿದ. ಅಲ್ಲಿ ಜ್ಯಾಕ್ ಅಬರ್ನೆಥಿ ಎಂಬಾತ ನಾಯಿಗಳು ಅಡ್ಡಗಟ್ಟಿದ ಪ್ರಾಣಿಯ ಬಾಯೊಳಗೆ ಬರಿಗೈ ತೂರಿಸಿ ಜೀವಂತ ಹಿಡಿಯುತ್ತಿದ್ದುದನ್ನು ಕಂಡು ಮೆಚ್ಚಿ, ಮುಂದೆ ಅವನನ್ನು ಫೆಡರಲ್ ಮಾರ್ಷಲ್ ಹುದ್ದೆಗೇ ನೇಮಿಸಿದ. ಆ ಬೇಟೆಯಲ್ಲಿ ಕುದುರೆ ಮುಗ್ಗರಿಸಬಹುದಿತ್ತು, ಸವಾರ ಬಿದ್ದು ಸಾಯಬಹುದಿತ್ತು, ಮೈಲಿಗಟ್ಟಲೆ ಓಡಿಯೂ ಬರಿಗೈಯಲ್ಲಿ ಹಿಂದಿರುಗಬೇಕಾಗಬಹುದಿತ್ತು.

ಇಂದು ಕುದುರೆಯ ಜಾಗಕ್ಕೆ ಟ್ರಕ್ಕು ಬಂದಿದೆ. ಬಯಲು ರಾಜ್ಯಗಳ ಬೇಟೆಗಾರ ಪಿಕಪ್ಪಿನ ಹಿಂಬದಿಯಲ್ಲಿ ಮರದ ಅಥವಾ ತಗಡಿನ ಪೆಟ್ಟಿಗೆ ಕೂರಿಸಿರುತ್ತಾನೆ. ಅದರೊಳಗೆ ಗ್ರೇಹೌಂಡ್ ಅಥವಾ ಗ್ರೇಹೌಂಡಿಗೆ ಸ್ಕಾಟ್ಲೆಂಡಿನ ಜಿಂಕೆನಾಯಿಯ ರಕ್ತ ಬೆರೆಸಿದ ಸ್ಟ್ಯಾಗ್‌ಹೌಂಡ್ ನಾಯಿಗಳು ನಿಂತಿರುತ್ತವೆ. ಪೆಟ್ಟಿಗೆಯ ಪಕ್ಕದ ಬಾಗಿಲಿಗೆ ಸ್ಪ್ರಿಂಗ್ ಇರುತ್ತದೆ. ಅದರ ಅಗುಳಿಯಿಂದ ಒಂದು ಹಗ್ಗವೋ ಸನ್ನೆಕೋಲೋ ಚಾಲಕನ ಕೈಗೆ ಎಟಕುವಂತೆ ಬಂದಿರುತ್ತದೆ. ಮೈಲಿಗೊಂದರಂತೆ ಚೌಕವಾಗಿ ಹಾದ ಮಣ್ಣಿನ ರಸ್ತೆಗಳಲ್ಲಿ ಬೈನಾಕ್ಯುಲರ್ ಹಿಡಿದು ಹೊಲ ನೋಡುತ್ತ ಹೋಗುತ್ತಾರೆ. ಕಯೋಟಿ ಕಂಡರೆ ಟ್ರಕ್ಕನ್ನು ಹೊಲಕ್ಕಿಳಿಸಿ, ಆದಷ್ಟು ಹತ್ತಿರಕ್ಕೆ ಓಡಿಸಿ, ಹಗ್ಗ ಎಳೆಯುತ್ತಾರೆ. ಬಾಗಿಲು ಬಿದ್ದೊಡನೆ ನಾಯಿಗಳು ಓಡುತ್ತಿರುವ ವಾಹನದಿಂದಲೇ ಹಾರುತ್ತವೆ. ಇವು ವಾಸನೆ ಹಿಡಿದು ಹೋಗುವ ನಾಯಿಗಳಲ್ಲ, ಕಣ್ಣಿಗೆ ಕಂಡದ್ದನ್ನು ಹಿಂಬಾಲಿಸುವ ಜಾತಿ. ಮುಧೋಳದ ನಾಯಿ ಬಯಲಲ್ಲಿ ಮೊಲದ ಹಿಂದೆ ಮೈಚಾಚಿ ಓಡುವುದನ್ನು ಬಲ್ಲವರಿಗೆ ಈ ಓಟದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಕಯೋಟಿ ಗಂಟೆಗೆ 60 ಕಿಲೊಮೀಟರಿಗೂ ಮೀರಿದ ವೇಗದಲ್ಲಿ ಓಡಬಲ್ಲದು, ಗ್ರೇಹೌಂಡ್ ಅದಕ್ಕಿಂತ ವೇಗಿ. ವೇಗದ ನಾಯಿ ಹಿಂಗಾಲಿಗೆ ಬಾಯಿ ಹಾಕಿ ಉರುಳಿಸುತ್ತದೆ. ಹಿಂದೆ ಬರುವ ಭಾರದ ನಾಯಿ ಗಂಟಲು ಹಿಡಿಯುತ್ತದೆ. ಆ ಕೆಲಸಕ್ಕೆಂದೇ ಸಾಕಿದ ನಾಯಿ ಗುಂಪಿನಲ್ಲಿ ಒಂದಾದರೂ ಇರುತ್ತದೆ. ಸಾವು ಬೇಗ ಬರಬಹುದು, ಬಾರದೆಯೂ ಇರಬಹುದು. ಅದು ಬೇಟೆಗಾರನ ಕೈಯಲ್ಲಿಲ್ಲ.

ಪೂರ್ವದ ಮತ್ತು ಮಧ್ಯದ ಕಾಡುಸೀಮೆಗಳಲ್ಲಿ ಬೇರೆಯ ಕ್ರಮವಿದೆ. ಅಲ್ಲಿ ವಾಸನೆ ಹಿಡಿಯುವ ಹೌಂಡ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಬಿಡುತ್ತಾರೆ. ಬೇಟೆಗಾರರು ಟ್ರಕ್ಕುಗಳಲ್ಲಿ ಕುಳಿತು ಪರದೆಯ ಮೇಲೆ ನಾಯಿಗಳ ಚುಕ್ಕೆ ನೋಡುತ್ತ, ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತ, ಕಯೋಟಿ ದಾಟಬಹುದಾದ ರಸ್ತೆಗೆ ಮುಂಚಿತವಾಗಿ ಹೋಗಿ ನಿಲ್ಲುತ್ತಾರೆ. ನಾಯಿ ದಣಿದರೆ ಬೇರೆ ನಾಯಿ ಬಿಡಬಹುದು. ಕಯೋಟಿಗೆ ಬದಲಿ ಇಲ್ಲ.

ನಾಯಿಯ ಹಿತದ ಮಾತು ಈ ಚರ್ಚೆಯಲ್ಲಿ ವಿಚಿತ್ರವಾಗಿ ಮರೆಯಾಗುತ್ತದೆ. ಓಡುವ ಟ್ರಕ್ಕಿನಿಂದ ಹಾರಿದ ನಾಯಿ ಕಣ್ಣಿಟ್ಟಿರುವುದು ಕಯೋಟಿಯ ಮೇಲೆ, ನಡುವೆ ಇರುವ ಮುಳ್ಳುತಂತಿಯ ಮೇಲಲ್ಲ. ಎದೆ ಸೀಳಿಸಿಕೊಂಡ, ಕಾಲು ಮುರಿದುಕೊಂಡ ನಾಯಿಗಳ ಕಥೆ ಈ ಬೇಟೆಗಾರರೇ ಹೇಳುವಂಥದ್ದು. ಮೂಲೆಗೆ ಸಿಕ್ಕ ಕಯೋಟಿಯ ಹಲ್ಲೂ ಸಣ್ಣದಲ್ಲ. ನಾಯಿಗೆ ಓಡುವುದೇ ಸಂತೋಷ ಎಂಬ ಸಮಜಾಯಿಷಿ ನಿಜವೇ; ಆದರೆ ಆ ಸಂತೋಷವನ್ನು ಎಲ್ಲಿ, ಯಾವ ಬೇಲಿಯ ನಡುವೆ, ಯಾವ ಪ್ರಾಣಿಯ ಮೇಲೆ ಬಿಡಬೇಕೆಂದು ತೀರ್ಮಾನಿಸುವವನು ಮನುಷ್ಯ.

ಕುರಿಯವರ ಪಕ್ಷ

ಈ ಬೇಟೆಯನ್ನು ವಿರೋಧಿಸುವ ಬರಹಗಳಲ್ಲಿ ಕುರಿ ಸಾಕುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಅದು ಅನ್ಯಾಯ. ವಯೋಮಿಂಗ್ ಅಮೆರಿಕದ ಮುಖ್ಯ ಕುರಿ ರಾಜ್ಯಗಳಲ್ಲೊಂದು. ದೇಶದಲ್ಲಿ ಪರಭಕ್ಷಕಗಳಿಂದ ಸಾಯುವ ಕುರಿ ಮತ್ತು ಮರಿಗಳಲ್ಲಿ ಅತಿ ದೊಡ್ಡ ಪಾಲು ಕಯೋಟಿಯ ಬಾಯಿಗೆ ಬಿದ್ದದ್ದೆಂದು ಕೃಷಿ ಇಲಾಖೆಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಅದು ದವಡೆಯ ಕೆಳಗೆ ಗಂಟಲನ್ನು ಕಚ್ಚಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಬೆಳಗ್ಗೆ ಮಂದೆಯ ಬಳಿ ಹೋದವನಿಗೆ ಕಾಣುವುದು ಹೊರಗಿನಿಂದ ಹೆಚ್ಚು ಗಾಯವಿಲ್ಲದ, ಆದರೆ ಚರ್ಮ ಬಿಡಿಸಿದರೆ ಕೊರಳ ಸುತ್ತ ರಕ್ತ ಹೆಪ್ಪುಗಟ್ಟಿದ ಮರಿ. ಲಾಭದ ಅಂಚು ತೆಳುವಾದ ಕಸುಬಿನಲ್ಲಿ ಒಂದು ಋತುವಿನ ಮರಿಗಳೇ ವರ್ಷದ ಆದಾಯ. ಅಂಥವನ ಮುಂದೆ ನಿಂತು ಕಯೋಟಿಯ ಬುದ್ಧಿವಂತಿಕೆಯನ್ನು ಹೊಗಳುವುದು ಸಭ್ಯತೆಯಲ್ಲ. ಕೊಲ್ಲುವ ಹಕ್ಕು ಅವನಿಗಿದೆ ಎಂಬುದನ್ನು ಈ ಅಧ್ಯಯನ ಒಪ್ಪಿಕೊಂಡೇ ಮುಂದುವರಿಯುತ್ತದೆ.

ಆದರೆ ಆ ಹಕ್ಕು ಯಾವ ಕಯೋಟಿಯ ಮೇಲೆ, ಯಾವಾಗ, ಎಲ್ಲಿ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಪ್‌ಲ್ಯಾಂಡ್ ಕೇಂದ್ರದಲ್ಲಿ 1990ರ ದಶಕದಲ್ಲಿ ಕಯೋಟಿಗಳಿಗೆ ರೇಡಿಯೊ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನಗಳು, ಮರಿಗಳನ್ನು ಕೊಲ್ಲುವುದು ಬಹುತೇಕ ಆ ನೆಲವನ್ನು ತಮ್ಮದೆಂದು ಹಿಡಿದು ಸಂತಾನ ಬೆಳೆಸುತ್ತಿರುವ ಜೋಡಿಗಳೆಂದು ಕಂಡುಕೊಂಡವು. ಸಿಕ್ಕಸಿಕ್ಕ ಕಯೋಟಿಯನ್ನು ಕೊಂದರೆ ಆ ಜೋಡಿ ಉಳಿದಿರಬಹುದು, ಅಲೆಮಾರಿಯಾದ ನಿರುಪದ್ರವಿ ಸತ್ತಿರಬಹುದು. ಇನ್ನೊಂದೆಡೆ, ಕಯೋಟಿ ಸಂಖ್ಯೆ ಕುಗ್ಗಿದಾಗ ಉಳಿದವು ಹೆಚ್ಚು ಮರಿ ಹಾಕುವುದನ್ನು ಟೆಕ್ಸಸ್‌ನಲ್ಲಿ ಫ್ರೆಡ್ ನೋಲ್ಟನ್ 1972ರಲ್ಲೇ ದಾಖಲಿಸಿದ್ದರು. 1975ರಲ್ಲಿ ಕೊನೊಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ಸಂಶೋಧಕರು ಲೆಕ್ಕ ಹಾಕಿ, ಪ್ರತಿವರ್ಷ ಶೇಕಡಾ 75ರಷ್ಟನ್ನು ಕೊಲ್ಲುತ್ತ ಹೋದರೂ ಕಯೋಟಿ ನಿರ್ನಾಮವಾಗಲು ಸುಮಾರು 50 ವರ್ಷ ಬೇಕೆಂದು ತೋರಿಸಿದರು. ಫೆಡರಲ್ ಸರ್ಕಾರದ ವನ್ಯಜೀವಿ ಸೇವಾ ವಿಭಾಗವೇ ವರ್ಷಕ್ಕೆ ಸುಮಾರು 60 ಸಾವಿರ ಕಯೋಟಿಗಳನ್ನು ಕೊಲ್ಲುತ್ತ ಬಂದಿದೆ. ಒಂದು ಕಾಲಕ್ಕೆ ಬಯಲು ಮತ್ತು ಮರುಭೂಮಿಯ ಪ್ರಾಣಿಯಾಗಿದ್ದ ಕಯೋಟಿ ಈಗ ಹವಾಯಿ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ.

ಇಷ್ಟಕ್ಕೇ ನಿಲ್ಲಿಸಿದರೆ ವಾದ ಸುಲಭವಾಗಿ ಗೆದ್ದಂತೆ ಕಾಣುತ್ತದೆ. ಆದರೆ ಎದುರಿಗೂ ಪುರಾವೆಯಿದೆ. ಚಳಿಗಾಲದಲ್ಲಿ ಕೊಂದರೆ ಬೇಸಿಗೆಯ ಮರಿಗಳಿಗೇನು ಉಪಯೋಗ ಎಂಬ ಪ್ರಶ್ನೆಗೆ ವ್ಯಾಗ್ನರ್ ಮತ್ತು ಕಾನೋವರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ: ಕುರಿಮಂದೆ ಬರುವುದಕ್ಕೆ ಕೆಲವು ತಿಂಗಳು ಮೊದಲು ಪರ್ವತದ ಆಯಾ ಹುಲ್ಲುಗಾವಲಿನ ಮೇಲೆ ಹೆಲಿಕಾಪ್ಟರಿನಿಂದ ಕಯೋಟಿಗಳನ್ನು ಹೊಡೆದಿದ್ದ ಕಡೆ ಮರಿಗಳ ನಷ್ಟ ಕಡಿಮೆಯಾಗಿತ್ತು. ಫೆಬ್ರವರಿಯ ಬೇಟೆ ಕೇವಲ ಮೋಜು ಎಂದು ಕಣ್ಣುಮುಚ್ಚಿ ಹೇಳಲಾಗದು. ಈ ಪುರಾವೆಯನ್ನು ಗಂಭೀರವಾಗಿ ತೆಗೆದುಕೊಂಡಾಗಲೇ ಸ್ನೋಮೊಬೈಲಿನ ಸಮರ್ಥನೆ ಕುಸಿಯುವುದು ಎಂಬುದು ನನ್ನ ತಿಳಿವಳಿಕೆ. ಆ ಅಧ್ಯಯನದಲ್ಲಿ ಫಲ ಕೊಟ್ಟದ್ದು ನಿರ್ದಿಷ್ಟ ಹುಲ್ಲುಗಾವಲು, ನಿರ್ದಿಷ್ಟ ಕಾಲ, ತರಬೇತಾದ ಕೈಯ ಬಂದೂಕು. ಶನಿವಾರ ಎಲ್ಲಿ ಹಿಮ ಚೆನ್ನಾಗಿ ಬಿದ್ದಿದೆಯೋ ಅಲ್ಲಿಗೆ ಹೋಗಿ, ಕಂಡ ಕಯೋಟಿಯನ್ನು ಅಟ್ಟುವವನು ಆ ಮೂರರಲ್ಲಿ ಒಂದನ್ನೂ ಪಾಲಿಸುವುದಿಲ್ಲ. ಕುರಿಯ ಹೆಸರಿನಲ್ಲಿ ಪಡೆದ ವಿನಾಯಿತಿಯನ್ನು ಕುರಿಯೇ ಇಲ್ಲದವನು ಬಳಸುತ್ತಿದ್ದಾನೆ. ಹಾಗೆ ನೋಡಿದರೆ ಕಾನೂನಿನ ಮಾತಿನಲ್ಲಿ ಕುರಿಗಾರನೆಂಬುವನೇ ಇಲ್ಲ. ಪಶುಧನಕ್ಕೆ ಅಪಾಯವಿದೆಯೇ, ಜಮೀನು ಯಾರದು ಎಂಬ ಯಾವ ಷರತ್ತೂ ಆ ವಿನಾಯಿತಿಗಿಲ್ಲ.

ಆಕಾಶಕ್ಕೊಂದು ನೀತಿ, ನೆಲಕ್ಕೊಂದು

ಹೆಲಿಕಾಪ್ಟರಿನ ಮಾತು ಬಂದುದರಿಂದ ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಬೇಕು. ವಿಮಾನದಿಂದ ಪ್ರಾಣಿಗಳನ್ನು ಹೊಡೆಯುವುದನ್ನೂ ಅಟ್ಟಿ ಪೀಡಿಸುವುದನ್ನೂ ಅಮೆರಿಕದ ಕಾಂಗ್ರೆಸ್ 1971ರಲ್ಲಿ ಕಾನೂನು ತಂದು ನಿಷೇಧಿಸಿತು. ಪಶುಧನ, ಬೆಳೆ, ವನ್ಯಜೀವಿ ಮುಂತಾದವುಗಳ ರಕ್ಷಣೆಗೆ ಸರ್ಕಾರದ ಅನುಮತಿ ಪಡೆದವರು ಮಾತ್ರ ಅದನ್ನು ಮಾಡಬಹುದು, ಮತ್ತು ರಾಜ್ಯಗಳು ಅಂಥ ಅನುಮತಿಗಳ ವರದಿ ಕೊಡಬೇಕು. ಅಲ್ಲಿ ಕಯೋಟಿಗೆ ವಿನಾಯಿತಿಯಿಲ್ಲ. ಆಕಾಶದಿಂದ ಅಟ್ಟುವವನು ‘ಏಕೆ’ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ನೆಲದ ಮೇಲೆ ಅದೇ ಕೆಲಸ ಮಾಡುವವನು ವಯೋಮಿಂಗ್‌ನಲ್ಲಿ ಯಾರಿಗೂ ಏನನ್ನೂ ಹೇಳಬೇಕಿಲ್ಲ. ಪ್ರಾಣಿಯ ಪಾಡು ಎರಡರಲ್ಲೂ ಒಂದೇ. ಹೆಲಿಕಾಪ್ಟರಿನಿಂದ ಬಂದ ಗುಂಡಿನ ಸಾವು ವಾಹನದಡಿಯ ಸಾವಿಗಿಂತ ಬೇಗನೆ ಬರುವಂಥದ್ದು ಕೂಡ. ಅರ್ಧ ಶತಮಾನದಿಂದ ಇರುವ ಈ ಮಾದರಿಯನ್ನು ನೆಲಕ್ಕಿಳಿಸಿದರೆ ಕುರಿಗಾರನಿಗೆ ಕಷ್ಟವಾಗುತ್ತದೆ ಎಂಬ ವಾದವನ್ನು ಯಾರೂ ಗಟ್ಟಿಯಾಗಿ ಕಟ್ಟಿದ್ದನ್ನು ನಾನು ಕಂಡಿಲ್ಲ.

ಬೇಟೆಗಾರರ ಒಳಗಿನ ನೀತಿಯೂ ಇಲ್ಲಿ ಎಡವುತ್ತದೆ. ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ಬೇಟೆಗಾರನಿಗೆ ಪ್ರಾಣಿಯ ಮೇಲೆ ಅನುಚಿತ ಮೇಲುಗೈ ಇರಬಾರದೆಂಬ ‘ನ್ಯಾಯವಾದ ಬೆನ್ನಟ್ಟುವಿಕೆ’ಯ ತತ್ತ್ವವನ್ನು ಪ್ರಚಾರ ಮಾಡಿತು. ಆ ತತ್ತ್ವದ ವ್ಯಾಖ್ಯೆ ದೊಡ್ಡ ಬೇಟೆಪ್ರಾಣಿಗಳಿಗೆ ಸೀಮಿತ; ಕೊಂಬನ್ನೋ ತಲೆಬುರುಡೆಯನ್ನೋ ಅಳೆದು ದಾಖಲೆ ಪುಸ್ತಕಕ್ಕೆ ಸೇರಿಸಬಹುದಾದ ಪ್ರಾಣಿಗೆ ಮಾತ್ರ ನ್ಯಾಯ. ಕಯೋಟಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಕೆಲವು ಬೇಟೆಗಾರರು ಇದನ್ನು ತಿರುಗಿಸಿ, ಕಯೋಟಿಯ ವಿಷಯದಲ್ಲಿ ನಾವು ಮಾಡುವುದು ಬೇಟೆಯೇ ಅಲ್ಲ, ನಿಯಂತ್ರಣ; ಇಲಿಗೆ ವಿಷವಿಟ್ಟಾಗ ಯಾರೂ ನ್ಯಾಯ ಕೇಳುವುದಿಲ್ಲ ಎನ್ನುತ್ತಾರೆ. ಈ ಮಾತಿಗೆ ತೂಕವಿದೆ. ನಿಯಂತ್ರಣವಾದರೆ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಕೊಡಬೇಕಾದ ಅಗತ್ಯವಿಲ್ಲ, ನಿಜ. ಆದರೆ ನಿಯಂತ್ರಣಕ್ಕೆ ತನ್ನದೇ ಆದ ನೀತಿಯಿದೆ: ಕೆಲಸ ಬೇಗ ಮುಗಿಯಬೇಕು, ನೋವು ಆದಷ್ಟು ಕಡಿಮೆಯಿರಬೇಕು, ಮಾಡುವವನ ಮನರಂಜನೆ ಅದರ ಉದ್ದೇಶದಲ್ಲಿ ಸೇರಿರಬಾರದು. ನಾಯಿ ಮತ್ತು ವಾಹನದ ಅಟ್ಟುವಿಕೆಯಲ್ಲಿ ರಸವಿರುವುದೇ ಓಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದರಲ್ಲಿ. ಬೇಟೆಯೆಂದರೆ ಬೇಟೆಯ ನೀತಿಗೆ ಸೋಲುತ್ತದೆ, ನಿಯಂತ್ರಣವೆಂದರೆ ನಿಯಂತ್ರಣದ ನೀತಿಗೆ ಸೋಲುತ್ತದೆ. ಒಂದನ್ನು ಕೇಳಿದಾಗ ಇನ್ನೊಂದರ ಹಿಂದೆ ಅಡಗಿಕೊಳ್ಳುವುದರಿಂದಲೇ ಅದು ಇಷ್ಟು ಕಾಲ ಉಳಿದಿದೆ.

ಬಂದೂಕು ನೋವಿಲ್ಲದ ಉಪಾಯವೆಂದೂ ಭ್ರಮಿಸಬಾರದು. ಇಂಗ್ಲೆಂಡಿನಲ್ಲಿ ನಾಯಿಗಳ ಬೇಟೆಯ ಬಗ್ಗೆ 2000ದಲ್ಲಿ ವರದಿ ಕೊಟ್ಟ ಬರ್ನ್ಸ್ ಸಮಿತಿ, ನಾಯಿಗಳು ಅಟ್ಟಿ ಕೊಲ್ಲುವುದು ನರಿಯ ಕ್ಷೇಮಕ್ಕೆ ತೀವ್ರ ಧಕ್ಕೆ ತರುತ್ತದೆ ಎಂದದ್ದು ನಿಜ. ಜೊತೆಗೇ ಹಗಲಿನಲ್ಲಿ ಶಾಟ್‌ಗನ್ನಿನಿಂದ ಹೊಡೆಯುವುದರ ಬಗ್ಗೆಯೂ ಆತಂಕ ತೋರಿಸಿ, ರಾತ್ರಿ ದೀಪದ ಬೆಳಕು ಹಾಯಿಸಿ ರೈಫಲ್ಲಿನಿಂದ ಹೊಡೆಯುವುದು ಅದಕ್ಕಿಂತ ಮೇಲೆಂದಿತು. ನಾಯಿಗಳ ಬೇಟೆಯನ್ನು ನಿಷೇಧಿಸಿದ ಕಾನೂನು ಅಲ್ಲಿ 2004ರಲ್ಲಿ ಬಂತು.

ಆಮೇಲೆ ಬದಲಾದದ್ದು, ಬದಲಾಗದ್ದು

ಸ್ನೋಮೊಬೈಲಿನಿಂದ ಕಯೋಟಿಯ ಮೇಲೆ ಹತ್ತಿಸುವುದನ್ನು ನಿಲ್ಲಿಸಬೇಕೆಂಬ ಮಸೂದೆ ವಯೋಮಿಂಗ್ ಶಾಸನಸಭೆಗೆ 2019ರಲ್ಲೇ ಬಂದು ಬಿದ್ದುಹೋಗಿತ್ತು. ಡೇನಿಯಲ್ ಘಟನೆಯ ನಂತರ ಶಾಸಕರು, ಕುರಿ-ದನ ಸಾಕುವವರು, ಪ್ರಾಣಿಪರರು ಸೇರಿದ ಕಾರ್ಯಗುಂಪು ಕುಳಿತಿತು. 2025ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೆ ಅದರ ಗಮನವೆಲ್ಲ ಹಿಡಿದು ವಶಕ್ಕೆ ತೆಗೆದುಕೊಂಡ ಪ್ರಾಣಿಗೆ ಕೊಡುವ ಹಿಂಸೆಯ ಮೇಲಿತ್ತು. ವಾಹನದಿಂದ ಅಟ್ಟಿ ಗುದ್ದುವುದನ್ನೇ ನಿಷೇಧಿಸಲು ಬಹುಮತ ಸಿಗಲಿಲ್ಲ. ಸ್ನೋಮೊಬೈಲು ಕೆಲವು ಕುರಿಗಾರರಿಗೆ ಕೆಲಸದ ಸಾಧನ ಎಂಬ ಆಕ್ಷೇಪ ಕೊನೆಯವರೆಗೂ ನಿಂತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಬ್ಲೆಟ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಲು ಆಧಾರವಿದೆಯೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಆರೋಪಿಯ ಮೇಲೆ ಗಂಭೀರ ಸ್ವರೂಪದ ಪ್ರಾಣಿಹಿಂಸೆಯ ದೋಷಾರೋಪ ಹೊರಿಸಿತು. ಗ್ರ್ಯಾಂಡ್ ಜ್ಯೂರಿಯನ್ನು ಕೂಡಿಸುವುದೇ ಆ ರಾಜ್ಯದಲ್ಲಿ ಅಪರೂಪ.

ಈ ಬೆಳವಣಿಗೆಯ ತರ್ಕವನ್ನು ನೋಡಬೇಕು. ವಿನಾಯಿತಿ ಬೇಟೆಗೆ, ಹಿಡಿಯುವುದಕ್ಕೆ, ಕೊಲ್ಲುವುದಕ್ಕೆ ಇರುವುದರಿಂದ, ಹಿಡಿದಾದ ಮೇಲೆ ಕೊಲ್ಲದೆ ಇಟ್ಟುಕೊಂಡ ಹೊತ್ತು ವಿನಾಯಿತಿಯ ಹೊರಗೆ ಬೀಳುತ್ತದೆ ಎಂದು ವಾದಿಸಲು ಅವಕಾಶವಿದೆ. ಅದು ನ್ಯಾಯವೇ. ಆದರೆ ಅದರ ನೆರಳಿನಲ್ಲಿ, ಹಿಮದ ಮೇಲೆ ಅರ್ಧ ತಾಸು ಅಟ್ಟಿ ಎಂಜಿನ್ನಿನಡಿಗೆ ಹಾಕಿ ಅಲ್ಲೇ ಮುಗಿಸಿದವನು ಶುದ್ಧನಾಗುತ್ತಾನೆ. ಬಾರಿನಲ್ಲಿ ತೋಳ ಅನುಭವಿಸಿದ್ದು ಮನುಷ್ಯರ ಕಣ್ಣಮುಂದೆ ನಡೆಯಿತು; ಪ್ರಾಣಿಯ ಮೈಗೆ ಬಿದ್ದ ಮುಖ್ಯ ಪೆಟ್ಟು ಅದಕ್ಕೂ ಮುಂಚಿನದು. ನಮಗೆ ಅಸಹ್ಯವಾದದ್ದನ್ನು ಶಿಕ್ಷಿಸಿ, ಪ್ರಾಣಿಗೆ ನೋವಾದದ್ದನ್ನು ಬಿಟ್ಟುಬಿಡುವ ಕಾನೂನು ಪ್ರಾಣಿಯ ಪರವಾದ ಕಾನೂನೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪೂರ್ತಿ ನಿಷೇಧದ ಹೊರತಾಗಿಯೂ ದಾರಿಗಳಿವೆ. ವರ್ಮಾಂಟ್ ರಾಜ್ಯ 2022ರಲ್ಲಿ ನಾಯಿಗಳಿಂದ ಕಯೋಟಿ ಬೇಟೆಯಾಡುವವರಿಗೆ ಪ್ರತ್ಯೇಕ ಪರವಾನಗಿ ಕಡ್ಡಾಯ ಮಾಡಿ, ಆ ಪರವಾನಗಿಗಳಿಗೆ ವರ್ಷಕ್ಕೆ 100ರ ಮಿತಿ ಹಾಕಿ, ನಾಯಿಗಳನ್ನು ಬಿಡುವ ಮೊದಲು ಜಮೀನಿನ ಒಡೆಯನ ಒಪ್ಪಿಗೆ ಬೇಕೆಂದಿತು. ಒತ್ತಡ ತಂದವರಲ್ಲಿ ಪ್ರಾಣಿಪ್ರಿಯರ ಜೊತೆಗೆ, ತಮ್ಮ ಅಂಗಳಕ್ಕೆ ಯಾರದೋ ಹೌಂಡ್‌ಗಳು ನುಗ್ಗುವುದನ್ನು ಕಂಡು ಬೇಸತ್ತ ಹಳ್ಳಿಯ ಜನರೂ ಇದ್ದರು. ವಯೋಮಿಂಗ್‌ನ ಮಟ್ಟಿಗೆ ಹೇಳುವುದಾದರೆ, ವಾಹನದ ಶಾಸನದಲ್ಲಿರುವ ವಿನಾಯಿತಿಯನ್ನು ತೆಗೆದು, ಅದರ ಜಾಗದಲ್ಲಿ 1971ರ ಮಾದರಿಯ ಅನುಮತಿಯನ್ನು ತಂದರೆ ಸಾಕು: ಮಂದೆಯುಳ್ಳವನಿಗೆ ಅಥವಾ ಅವನು ನೇಮಿಸಿದವನಿಗೆ, ಆ ಮಂದೆ ಮೇಯುವ ನೆಲದಲ್ಲಿ, ಹೆಸರು ಬರೆದುಕೊಟ್ಟ ಅನುಮತಿ, ವಾಹನವನ್ನು ಹತ್ತಿರ ಹೋಗಲು ಬಳಸಬಹುದು, ದಣಿಸಲು ಮತ್ತು ಗುದ್ದಲು ಬಳಸಬಾರದು, ಕೊಲ್ಲುವುದು ಗುಂಡಿನಿಂದ. ನಾಯಿಗಳ ವಿಷಯದಲ್ಲಿ ನಾನು ಇನ್ನೂ ಕಠಿಣ. ಕಣ್ಣಿನ ನಾಯಿಗಳನ್ನು ಓಡುವ ವಾಹನದಿಂದ ಬಿಟ್ಟು ಹರಿದು ಕೊಲ್ಲಿಸುವುದಕ್ಕೆ ಅನುಮತಿಯ ಯಾವ ನಮೂನೆಯೂ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಸಾವಿನ ವೇಗವನ್ನು ಯಾರೂ ಭರವಸೆ ಕೊಡಲಾರರು. ಮಂದೆ ಕಾಯಲು ನಾಯಿಯೇ ಬೇಕೆಂದಾದರೆ, 1970ರ ದಶಕದ ಕೊನೆಯಿಂದ ಪಶ್ಚಿಮದ ಕುರಿಮಂದೆಗಳಲ್ಲಿ ಬಳಕೆಗೆ ಬಂದ ಗ್ರೇಟ್ ಪಿರನೀಸ್ ಮತ್ತು ಅಕ್‌ಬಾಶ್ ಕಾವಲು ನಾಯಿಗಳಿವೆ. ಅವು ಕುರಿಯ ಜೊತೆಗೇ ಬೆಳೆದು, ಬೊಗಳಿ, ಅಡ್ಡನಿಂತು ಕಯೋಟಿಯನ್ನು ದೂರವಿಡುತ್ತವೆ.

ಇಂಥ ನಿಯಮವನ್ನು ಜಾರಿ ಮಾಡುವುದು ಹೇಗೆಂಬ ಆಕ್ಷೇಪ ಉಳಿಯುತ್ತದೆ. ವಯೋಮಿಂಗ್ ಕರ್ನಾಟಕಕ್ಕಿಂತ ದೊಡ್ಡದು, ಜನಸಂಖ್ಯೆ ಆರು ಲಕ್ಷವೂ ಇಲ್ಲ, ಹಿಮದ ಮೈದಾನದಲ್ಲಿ ಸಾಕ್ಷಿಗಳಿರುವುದಿಲ್ಲ. ಆದರೆ ಎಲ್ಕ್‌ಗೆ ಇರುವ ವಾಹನ ನಿಷೇಧಕ್ಕೂ ಇದೇ ತೊಂದರೆಯಿದೆ, ಅದನ್ನು ಯಾರೂ ಆ ಕಾರಣಕ್ಕೆ ರದ್ದುಮಾಡಲು ಹೊರಟಿಲ್ಲ. ನಾಯಿಪೆಟ್ಟಿಗೆ ಹೊತ್ತ ಟ್ರಕ್ಕು ಸಾರ್ವಜನಿಕ ರಸ್ತೆಯಲ್ಲೇ ಓಡಾಡುತ್ತದೆ, ಸ್ನೋಮೊಬೈಲು ಟ್ರೇಲರಿನಿಂದ ಇಳಿಯುವುದೂ ರಸ್ತೆಯ ಬದಿಯಲ್ಲೇ. ಅನುಮತಿ ಪತ್ರವನ್ನು ಅಲ್ಲಿ ಕೇಳಬಹುದು.